ಬಿಳಿ ಬನಿಯನ್ನಿನ ಅಂಚು

ಬಿಳಿ ಪುಟದ ಮೇಲೆ ಬಿಳಿ ಬನಿಯನ್ ಕಾಣುವುದಿಲ್ಲ. ಇಷ್ಟು ಸಣ್ಣ ಸಂಗತಿಗೆ ನಮ್ಮ ಮನೆಯಲ್ಲಿ ಎಷ್ಟು ಸಲ ಸಾರು ಉಕ್ಕಿತೋ.

ನನ್ನ ಮೈದುನ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುತ್ತಾರೆ. ಅಲ್ಲಿಯವರೆಗೂ ಬೇರೆಯವರ ಲೇಬಲ್ಲಿಗೆ ಹೊಲಿದು ಕೊಡುತ್ತಿದ್ದವರು, ಮೊದಲ ಸಲ ತಮ್ಮದೇ ಲೇಬಲ್ ಹಾಕಿ ವೆಬ್‌ಸೈಟಿನಲ್ಲಿ ಮಾರಲು ಹೊರಟಿದ್ದರು. ಫೋಟೊದಲ್ಲಿ ಬಿಳಿ ಹಳದಿಯಾಗುತ್ತದೆ, ಚಿತ್ರವೇ ಇರಲಿ ಎಂದರು. ಕಾಲೇಜಿಗೆ ಹೋಗುವ ನನ್ನ ಮಗಳು ಪುಟ ಮಾಡಿಕೊಟ್ಟು, ಪರೀಕ್ಷೆ ಬಂತೆಂದು ಚಿತ್ರವನ್ನು ನನ್ನ ತಲೆಗೆ ಕಟ್ಟಿದಳು.

“ಇದು ಬಳಿಯೋದಲ್ಲಮ್ಮಾ, ಕಂಪ್ಯೂಟರಿಗೆ ಪದಗಳಲ್ಲಿ ಬರೆದು ಹೇಳೋದು. ಒಳಗೆ ಯಾವ ಬಣ್ಣ, ಅಂಚಿಗೆ ಯಾವ ಬಣ್ಣ, ಅಂಚು ಎಷ್ಟು ದಪ್ಪ. ಅಷ್ಟೇ.”

ನಾನು ಒಳಬಣ್ಣ ಹೇಳಲು ಮರೆತೆ. ಹೇಳದಿದ್ದರೆ ಕಂಪ್ಯೂಟರ್ ತಾನಾಗಿ ಕಪ್ಪು ತುಂಬುತ್ತದಂತೆ. ಅತ್ತೆ ಕನ್ನಡಕ ಏರಿಸಿ ನೋಡಿದರು. ಪ್ರೀತಿಗೆ ನನ್ನನ್ನು ‘ಕಣ್ಣು’ ಎನ್ನುವುದು ಅವರ ರೂಢಿ.

“ಯಾರು ಕಣ್ಣು, ಶಬರಿಮಲೆಗೆ ಮಾಲೆ ಹಾಕಿರೋದು?”

ನಾನು ಒಳಗೆ ಬಿಳಿ ತುಂಬಿಸಿದೆ, ಬನಿಯನ್ ಮಾಯವಾಯಿತು. ಅಂಚಿಗೆ ಕೆಂಪು ಕೊಟ್ಟೆ. ಮೈದುನ ಬಂದು ನೋಡಿ ತಲೆಯಾಡಿಸಿದರು. “ಅತ್ತಿಗೆ, ಇದು ಕರೆ ವೇಷ್ಟಿ ಆಯ್ತಲ್ಲ.” ಕರೆ ವೇಷ್ಟಿ ಎಂದರೆ ರಾಜಕೀಯದವರು ಉಡುವ ಬಣ್ಣದಂಚಿನ ಬಿಳಿ ಪಂಚೆ; ನಮ್ಮ ತಮಿಳು ಸೀಮೆಯಲ್ಲಿ ಆ ಅಂಚು ನೋಡಿಯೇ ಉಟ್ಟವರ ಪಕ್ಷ ಹೇಳುತ್ತಾರೆ. ಹಸಿರು, ಹಳದಿ, ಕೇಸರಿ ಎಲ್ಲ ಕೊಟ್ಟು ನೋಡಿದೆ. ಪ್ರತಿಯೊಂದಕ್ಕೂ ಆಗಲೇ ಒಬ್ಬರು ನಾಯಕರಿದ್ದರು.

ಮರುದಿನ ಬಟ್ಟೆ ಜಾಲಿಸುವಾಗ ನೀರಿಗೆ ನೀಲಿ ಹಾಕಿದೆ. ಒದ್ದೆ ಬನಿಯನ್ನಿನ ಮಡಿಕೆಯಲ್ಲಿ ತೆಳ್ಳಗೆ ನೀಲಿ ನಿಂತಿತ್ತು. ಕೈ ಒರೆಸಿಕೊಂಡು ಹೋಗಿ ಅಂಚಿಗೆ ಅದೇ ಬಣ್ಣ ಬರೆದೆ. ಬಿಳಿ ಇನ್ನೂ ಬಿಳಿಯಾಗಿ ಕಂಡಿತು.

ಮೈದುನ ಟೇಪು ತೆಗೆದು ಸ್ಕ್ರೀನಿಗೆ ಹಿಡಿದರು. ಗೆರೆಯ ಅರ್ಧ ದಪ್ಪ ಬನಿಯನ್ನಿನ ಹೊರಗೆ ಬೀಳುತ್ತಿತ್ತು.

“ನಾನು ಕೊಡೋದು ತೊಂಬತ್ತರ ಸೈಜು, ನೀವು ತೊಂಬತ್ತೈದು ತೋರಿಸ್ತಿದೀರಿ.”

ಗೆರೆ ತೆಳ್ಳಗೆ ಮಾಡಿದೆ. ಆಗ ಅವರಿಗೆ ಇನ್ನೊಂದು ಹೊಳೆಯಿತು. “ನಮ್ಮದಕ್ಕೆ ಕತ್ತು, ಕೈಗೆ ಮಾತ್ರ ಪೈಪಿಂಗ್ ಪಟ್ಟಿ. ಪಕ್ಕದಲ್ಲಿ ಹೊಲಿಗೆಯೇ ಇಲ್ಲ. ಸುತ್ತ ಅಂಚು ಹಾಕಿದ್ರೆ ಪೊಯ್ ಆಗುತ್ತೆ. ನನ್ನ ಲೇಬಲ್ ಅತ್ತಿಗೆ, ಮೊದಲ್ನೇ ಸರಕು. ಪೊಯ್ ಬೇಡ.”

ಸುಳ್ಳಿನ ಗೆರೆಗಳನ್ನು ತೆಗೆದೆ. ಒಂದು ಕತ್ತು, ಎರಡು ಕೈ ಗಾಳಿಯಲ್ಲಿ ಉಳಿದವು.

“ಹೊಟ್ಟೆ ಎಲ್ಲಿ?” ಅಂದರು ಅತ್ತೆ.

“ಇದೆಯಮ್ಮಾ, ಕಾಣಲ್ಲ ಅಷ್ಟೇ,” ಅಂದರು ಮೈದುನ.

“ನಿಂದು ಕಾಣುತ್ತಲ್ಲ.”

ಕೊನೆಗೆ ಮೈದುನ ಒಲ್ಲದ ಮನಸ್ಸಿನಿಂದ ಸುತ್ತಲೂ ನೀಲಿ ಅಂಚಿಗೆ ಒಪ್ಪಿದರು. ಪುಟ ತೆರೆಯಿತು. ಮೊದಲ ಆರ್ಡರು ಗಾಂಧಿಪುರದ ಅಂಗಡಿಯೊಂದರದು. ಅಂಗಡಿಯವರು ಫೋನಿನಲ್ಲಿ ತಮಿಳಿನಲ್ಲಿ ಕೇಳಿದ್ದು ಒಂದೇ: ಆ ನೀಲಿ ಬಾರ್ಡರಿನದೇ ಬೇಕು.

“ಅದು ಸುಮ್ಮನೆ ಗೆರೆಂಗೊ,” ಎಂದರು ಮೈದುನ, ತಮಿಳಿನ ಮರ್ಯಾದೆಯ ‘ಂಗೊ’ ಸೇರಿಸಿ.

ಆ ಕಡೆಯವರು ಹಾಗಾದರೆ ಯಾಕೆ ತೋರಿಸಿದಿರಿ ಎಂದು ಕೇಳಿರಬೇಕು. ಮೈದುನ ಫೋನು ಇಟ್ಟು ಸ್ಕ್ರೀನಿನ ಕಡೆ ತಿರುಗಿದರು.

“ಒಂದು ಪದ ಬದಲಾಯಿಸಿದರೆ ಗೆರೆ ಹೋಗುತ್ತೆ,” ಎಂದೆ.

“ತೋರಿಸಿಬಿಟ್ಟಿದೀವಿ ಅತ್ತಿಗೆ. ತೋರಿಸಿದ್ದೊಂದು, ಕೊಟ್ಟಿದ್ದೊಂದು ಆಗಬಾರ್ದು.”

ಅವರು ಚಿತ್ರವನ್ನು ಬಿಟ್ಟು ಬನಿಯನ್ನನ್ನು ತಿದ್ದಿದರು. ಹೊಲಿಗೆಯೇ ಇಲ್ಲದ ಪಕ್ಕಗಳಿಗೂ ನೀಲಿ ಪಟ್ಟಿ ಹೊಲಿಸಿದರು. ಮಾದರಿಗೆಂದು ನನ್ನ ಯಜಮಾನರು ಹಾಕಿಕೊಂಡರೆ ಅದು ಮೈಗೆ ಬಾಗದೆ ಚಪ್ಪಟೆಯಾಗಿ ನಿಂತಿತು. ಥೇಟ್ ಚಿತ್ರದ ಹಾಗೆ. ಅವರು ಅದರಲ್ಲೇ ಊಟಕ್ಕೆ ಕುಳಿತರು, ತುಸು ನೆಟ್ಟಗೆ.

ಕುಗ್ಗುತ್ತದೋ ನೋಡಲು ಅದನ್ನು ಒಗೆದು ಮಾಳಿಗೆಯ ಹಗ್ಗದ ಮೇಲೆ ಹಾಕಿದೆ. ಹಿಂದೆ ಸುಣ್ಣ ಬಳಿದ ಗೋಡೆ. ದೂರದಿಂದ ಬರೀ ನೀಲಿ ಗೆರೆ ತೂಗಾಡುತ್ತಿತ್ತು. ಮೈದುನ ಹತ್ತಿರ ಹೋಗಿ ಟೇಪು ಹಿಡಿದರು.

“ತೊಂಬತ್ತು,” ಎಂದರು, ನಿಟ್ಟುಸಿರು ಬಿಟ್ಟು. “ಸರಕನ್ನ ಅನುಪ್ಪಿಬಿಡೋಣ.”

ಸರಕು ಗಾಂಧಿಪುರಕ್ಕೆ ಹೋಯಿತು. ಚಿತ್ರದಲ್ಲಿದ್ದ ಹಾಗೆಯೇ.