ನೀರು ತಪ್ಪಿಸಿದವಳು ರೇಣುಕಾ ಅಲ್ಲ

ಅಂದು ಸಾವಾದ ಆ ಮಣ್ಣಿನ ಮನೆಯ ನೀರು ತಪ್ಪಿಸಿದವಳು ರೇಣುಕಾ ಅಲ್ಲ. ನಾನು. ಶಹಾಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಶಶಿಕಲಾ. ನಿಮ್ಮ ತೂಬಿನ ಕಟ್ಟೆಯ ಮೇಲೆ ನಿಂತು, ನಿಮ್ಮೆಲ್ಲರ ಎದುರಿಗೆ ಆಕೆಯ ಹೆಸರು ಹೇಳಿದವಳೂ ನಾನೇ. ಇಷ್ಟು ವರ್ಷ ನೀವು ಆಡಿದ ಮಾತೆಲ್ಲ ಬೀಳಬಾರದವಳ ಮೇಲೆ ಬಿತ್ತು. ರೇಣುಕಾಳ ಅತ್ತೆ ತೀರಿಕೊಂಡರು, ನಿನ್ನೆ ಮಣ್ಣಾಯಿತು. ನಾಳೆ ರೇಣುಕಾಳ ಹೊಲಕ್ಕೆ ನೀರಿನ ಪಾಳಿ. ಇವತ್ತು ಸಂಜೆಯೊಳಗೆ ಅದನ್ನು ಯಾರಾದರೂ ಹಿಡಿಯಬೇಕು, ಯಾರೂ ಹಿಡಿದಿಲ್ಲ — ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇದನ್ನು ನಿಮ್ಮ ತೂಬಿನ ಗುಂಪಿಗೂ ಕಳಿಸುತ್ತೇನೆ, ನಮ್ಮ ಪ್ರಾಜೆಕ್ಟಿನಲ್ಲಿ ಕೂಡಿದವರಿಗೆಲ್ಲ ಕಳಿಸುತ್ತೇನೆ. ಹೊರಗಿನವರಿಗಾಗಿ ನಿಮಗೆ ಗೊತ್ತಿದ್ದದ್ದನ್ನೂ ಒಂದಿಷ್ಟು ಬರೆಯಬೇಕು, ತಾಳಿಕೊಳ್ಳಿ.

ನಾವು ಕಟ್ಟಿದ್ದು ಒಂದು ಮೊಬೈಲ್ ಆ್ಯಪ್. ಕಾಲುವೆಗೆ ನೀರು ಬಿಟ್ಟಾಗ ಯಾವ ತೂಬಿನಲ್ಲಿ ಯಾವ ದಿನ ಯಾರ ಪಾಳಿ ಎಂದು ಅದು ಹೇಳುತ್ತದೆ. ಪಾಳಿಯವರು ಹಿಂದಿನ ದಿನ ಸಂಜೆಯೊಳಗೆ ‘ನೀರು ಬೇಕು’ ಎಂದು ಒತ್ತಬೇಕು. ಒತ್ತದಿದ್ದರೆ ಗೇಟು ನೋಡುವವನು ಆ ತೂಬು ಮುಚ್ಚಿ ನೀರನ್ನು ಕೆಳಗಿನವರಿಗೆ ಬಿಡುತ್ತಾನೆ. ಇದಕ್ಕೆ ಮಾಲೀಕರಿಲ್ಲ, ಮಾಡುವವರಿಗೆ ಪಗಾರವಿಲ್ಲ. ಕೋಡನ್ನು ಖುಲ್ಲಾ ಇಟ್ಟಿದ್ದೇವೆ. ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಸುರಪುರದ ಮಾಸ್ತರೊಬ್ಬರು, ಯಾದಗಿರಿಯ ಗುಮಾಸ್ತರೊಬ್ಬರು, ನಾನು ಮುಖವನ್ನೇ ನೋಡದ ಇನ್ನೆಷ್ಟೋ ಮಂದಿ — ಇವರನ್ನೆಲ್ಲ ಒಂದು ದಾರಿಗೆ ತರುವುದು ನನ್ನ ಕೆಲಸ. ಯಾರು ಏನು ಹಿಡಿದಿದ್ದಾರೆ, ಎಲ್ಲಿ ನಿಂತಿದೆ, ಯಾವುದು ಆಯಿತು. ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ‘ಆಗಬೇಕು’ ಎಂಬ ಕಡೆಯಿಂದ ‘ಆಯಿತು’ ಎಂಬ ಕಡೆಗೆ ಚೀಟಿ ಎಳೆದರೆ ನನಗೆ ಹೊಟ್ಟೆ ತುಂಬಿದ ಹಾಗೆ. ಚಟ ಅನ್ನಿ, ಒಪ್ಪುತ್ತೇನೆ.

ರೇಣುಕಾ ನನ್ನ ಕ್ಲಾಸಿನಲ್ಲೇ ಕಲಿತವಳು. ದೋರನಹಳ್ಳಿ ದಾಟಿ ಒಳಗಿರುವ ನಿಮ್ಮೂರಿಗೆ ಸೊಸೆಯಾಗಿ ಬಂದಳು, ಹೊಲಮನೆ ನೋಡಿಕೊಂಡೇ ಕೋಡ್ ಬರೆದಳು. ನಮಗ್ಯಾರಿಗೂ ಹೊಳೆಯದ್ದನ್ನು ತಂದವಳು ಆಕೆ. ನಿಮ್ಮ ತೂಬಿನ ಮೇಲೆ ಒಂದು ರೂಢಿ ಇದೆಯಲ್ಲ — ಒಂದು ಮನೆಯಲ್ಲಿ ಸಾವಾದರೆ ಅವರ ಪಾಳಿಯ ದಿನ ಬಾಜೂ ಹೊಲದವರು ನೀರನ್ನು ತಮ್ಮ ಹೊಲಕ್ಕೆ ತಿರುಗಿಸಿಕೊಳ್ಳುತ್ತಾರೆ, ಮೂರು ದಿನದ ಕಾರ್ಯ ಮುಗಿದ ಮೇಲೆ ತಮ್ಮ ಪಾಳಿಯನ್ನು ಆ ಮನೆಗೆ ಬಿಟ್ಟುಕೊಡುತ್ತಾರೆ. ಸತ್ತವರ ಮನೆಯವರು ಕೇಳುವುದಿಲ್ಲ, ಹಿಡಿದವರು ಹೇಳಿಕೊಳ್ಳುವುದಿಲ್ಲ. ಮಣ್ಣಿನ ಪಾಳಿ ಎನ್ನುತ್ತೀರಿ. ಅದನ್ನು ಆಕೆ ಆ್ಯಪಿನಲ್ಲಿ ತಂದಳು: ಬಾಜೂ ಹೊಲದವರು ತಮ್ಮ ಫೋನಿನಲ್ಲಿ ಒತ್ತಿದರೆ ಸಾಕು, ಪಾಳಿ ಉಳಿಯುತ್ತದೆ.

ಆಗ ಅಪ್‌ಗ್ರೇಡ್ ಬಂತು. ನಾವು ಯಾವುದರ ಮೇಲೆ ಕಟ್ಟಿದ್ದೆವೋ ಆ ಹಳೆಯ ಆವೃತ್ತಿ ನಿಲ್ಲುವುದಿತ್ತು, ಎಲ್ಲರೂ ಹೊಸದಕ್ಕೆ ಹೋಗಲೇಬೇಕಿತ್ತು. ಹೊಸದರಲ್ಲಿ ಒಬ್ಬರ ಪಾಳಿಯನ್ನು ಇನ್ನೊಬ್ಬರು ಮುಟ್ಟಿದರೆ ತಕರಾರು ಮಾಡುತ್ತಿತ್ತು. ರೇಣುಕಾಳ ಭಾಗವೊಂದೇ ಉಳಿದದ್ದು. ಕಾಲುವೆಗೆ ನೀರು ಬಿಡುವ ದಿನ ಹತ್ತಿರ. ಹೊರಗಿನ ಪರಿಣತರೊಬ್ಬರು ಬೇರೆ, ಮಂದಿಯ ಪಾಳಿ ಮಂದಿ ಮುಟ್ಟುವುದು ಎಂಥ ಪದ್ಧತಿ ಎಂದು ಬರೆದಿದ್ದರು. ನನಗೂ ಹೌದೆನಿಸಿತು — ಶಹಾಪುರದಲ್ಲಿ ಕೂತವಳಿಗೆ ಅನಿಸುವುದೇ ಹಾಗೆ. ಬೇಕಾದ ಮನೆಯವರೇ ಕೇಳಿಕೊಳ್ಳಲಿ ಎಂದು ಫೋನಿನಲ್ಲಿ ಅಂದರೆ, ಆಕೆ ಬಿಲ್‌ಕುಲ್ ಒಪ್ಪಲಿಲ್ಲ.

“ಅಕ್ಕಾರ, ಮಣ್ಣಿನ ಮನ್ಯಾಗ ಯಾರೂ ನೀರು ಕೇಳಂಗಿಲ್ರಿ. ಹೆಣ ಮುಂದಿಟ್ಕೊಂಡು ಫೋನ್ ಒತ್ತಿದ್ರ ಮಂದಿ ಏನಂತಾರ? ಬಾಜೂದವ್ರು ನೋಡಿ ಹಿಡಿಬೇಕ್ರಿ. ಇನ್ನಷ್ಟು ದಿನ ಕೊಡ್ರಿ, ಕೂಡಿಸ್ತೀನಿ.”

“ಹೂಂ, ನೋಡ್ತೀನಿ,” ಅಂದೆ. ಫೋನಿಟ್ಟೆ. ಆಕೆಯ ಕೋಡಿನಲ್ಲಿ ಬಾಜೂದವರಿಗಿದ್ದ ಹಕ್ಕು ತೆಗೆದು ಮನೆಯವರಿಗಷ್ಟೇ ಇಟ್ಟೆ, ಚೀಟಿಯನ್ನು ‘ಆಯಿತು’ ಕಡೆಗೆ ಎಳೆದೆ. ಆಕೆಗೆ ಹೇಳಲಿಲ್ಲ. ಹೇಳಿದರೆ ಜಗಳಕ್ಕೆ ಬರುತ್ತಾಳೆ, ಮತ್ತು ಜಗಳದಲ್ಲಿ ಆಕೆಯೇ ಗೆಲ್ಲುತ್ತಾಳೆ ಎಂಬುದು — ಅದು ನನಗೆ ಗೊತ್ತಿತ್ತು.

ನೀರು ಬಿಟ್ಟರು. ಆ ಹಂಗಾಮಿನಲ್ಲೇ ಮಲ್ಲಣ್ಣನವರ ತಾಯಿ ತೀರಿಕೊಂಡರು. ಅವರ ಹೊಲಕ್ಕೆ ಬಾಜೂ ಹೊಲ ರೇಣುಕಾಳ ಮನೆಯದೇ. ಆಕೆ ಒತ್ತಿದಳು. ಫೋನು ತಗೊಳ್ಳಲಿಲ್ಲ. ಮತ್ತೆ ಒತ್ತಿದಳು, ನನಗೆ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಗೇಟು ನೋಡುವವನು ತೂಬು ಮುಚ್ಚಿದ. ಮಲ್ಲಣ್ಣನವರ ಮೆಣಸಿನ ಗಿಡ ಹೂವು ಉದುರಿಸಿತು. ಹೂವು ಹೋಗಲಿ, ಮುಂದಿನ ವರ್ಷ ಬರುತ್ತದೆ. ಸಾವಿನ ಮನೆಯನ್ನು ಈ ತೂಬು ದಾಟಿ ಹೋಗಿದ್ದು ಅದೇ ಮೊದಲು ಎಂದು ನೀವೆಲ್ಲ ಕಟ್ಟೆಯ ಮೇಲೆ ಕೂಡಿದಿರಿ. ನನ್ನನ್ನೂ ಕರೆಸಿದಿರಿ.

ಮಲ್ಲಣ್ಣನವರು ಕೇಳಿದ್ದು ಒಂದೇ ಮಾತು: “ಇದನ್ನ ಬರದವ್ರು ಯಾರ್ರಿ?”

“ಆ ಭಾಗ ರೇಣುಕಾ ಬರ್ದಾಳ್ರಿ.”

ಸುಳ್ಳೇನಲ್ಲ ನೋಡಿ — ಬರೆದದ್ದು ಆಕೆಯೇ. ಅದಕ್ಕೇ ಅದು ಸುಳ್ಳಿಗಿಂತ ಹೊಲಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ; ಇಲ್ಲಿ ಜ್ವರ ಬಂದ ಎತ್ತೇ ಎಮ್ಮೆಯನ್ನು ತೋರಿಸಿ ಬರೆ ಹಾಕಿಸಿತು. ರೇಣುಕಾ ಸೆರಗು ಹಿಡಿದುಕೊಂಡು ನನ್ನನ್ನು ನೋಡಿದಳು. ಬಾಜೂ ಹೊಲ ಆಕೆಯದು, ಬರೆದವಳೂ ಆಕೆ. ಬೇಕಂತಲೇ ಮಾಡಿದಳು ಎಂದು ನೀವು ಅಂದಾಗ ನಾನು ನೆಲ ನೋಡುತ್ತಾ ನಿಂತಿದ್ದೆ.

ಇಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಪ್ರಾಜೆಕ್ಟಿನಲ್ಲಿ ಆಕೆಗಿದ್ದ ಪ್ರವೇಶ ತೆಗೆದೆ, ‘ರೇಣುಕಾ ಮನೆಯ ಅಡಚಣೆಯಿಂದ ಬಿಟ್ಟಿದ್ದಾರೆ’ ಎಂದು ಗುಂಪಿನಲ್ಲಿ ಬರೆದೆ. ಮುಂದಿನ ಹಂಗಾಮಿಗೆ ಮಣ್ಣಿನ ಪಾಳಿಯನ್ನು ಆಕೆ ಹೇಳಿದ ಹಾಗೇ ಮತ್ತೆ ಕೂಡಿಸಿದೆ, ನನ್ನ ಹೆಸರಿನಲ್ಲಿ. ಬೇರೆ ಜಿಲ್ಲೆಯವರು ಬಂದು, ಎಂಥಾ ವಿಚಾರ ಮೇಡಂ ನಿಮ್ಮದು ಎಂದರು. ಶಾಲು ಹೊದಿಸಿದರು. ಹೊದ್ದುಕೊಂಡೆ. ಕೋಡು ಖುಲ್ಲಾ ಇತ್ತು. ಯಾವ ಸಾಲು ಯಾರು ತೆಗೆದರು ಎಂದು ಯಾರು ಬೇಕಾದರೂ ನೋಡಬಹುದಿತ್ತು. ಯಾರೂ ನೋಡಿ ಕೇಳಲಿಲ್ಲ, ನನ್ನ ಬಾಯಿಮಾತೇ ಸಾಕಾಯಿತು.

ನಿನ್ನೆ ಮಣ್ಣಿಗೆ ಬಂದೆ. ಅಂಗಳದಲ್ಲಿ ಹೆಣ್ಣುಮಕ್ಕಳ ನಡುವೆ ಕೂತಿದ್ದೆ. ಹಿಂದಿನಿಂದ ಯಾರೋ ಒಬ್ಬಾಕೆ — ಹೆಸರು ಬೇಡ — ಮೆಲ್ಲಗೆ ಅಂದಳು: “ಮಣ್ಣಿನ ಮನಿ ನೀರು ತಪ್ಪಿಸಿದಾಕಿ. ಈಗ ಈಕಿ ಪಾಳಿ ಯಾರು ಹಿಡಿತಾರ ನೋಡೂಣು.” ಅಯ್ಯೋ, ಆ ಮಾತು ಇನ್ನೂ ಸತ್ತಿರಲಿಲ್ಲ! ನಾನು ಫೋನ್ ತೆಗೆದು ನೋಡಿದೆ. ರೇಣುಕಾಳ ಪಾಳಿಯ ಮುಂದೆ ಯಾರ ಹೆಸರೂ ಇಲ್ಲ. ಮಲ್ಲಣ್ಣನವರು ಎದುರಿಗೇ ಬೇವಿನ ಬುಡಕ್ಕೆ ಕೂತಿದ್ದರು. ಶಹಾಪುರದವಳಾದ ನಾನು ಒತ್ತಿದರೆ ಅದು ತಗೊಳ್ಳುವುದಿಲ್ಲ, ಬಾಜೂ ಹೊಲದವರೇ ಒತ್ತಬೇಕು. ಆಕೆಯೇ ಬರೆದ ನಿಯಮ ಅದು.

ಎದ್ದು ಒಳಗೆ ಹೋದೆ. ಮಣ್ಣು ಮಾಡಿ ಬಂದವರ ಕೈಕಾಲಿಗೆಂದು ರೇಣುಕಾ ಕೊಡ ತುಂಬುತ್ತಿದ್ದಳು. ಎಲ್ಲ ಹೇಳಿದೆ. ಅಳುತ್ತಾ ಹೇಳಿದೆ, ನಾಚಿಕೆಯಾಗುತ್ತದೆ. ಆಕೆ ಕೊಡ ಕೆಳಗಿಡಲೂ ಇಲ್ಲ.

“ನಂಗೊತ್ತದ ಅಕ್ಕಾರ. ಅವತ್ತ ರಾತ್ರೀನೇ ಕೋಡ್ ತಗದು ನೋಡೀನಿ. ನಾ ಹೇಳಿದ್ರ ಯಾರು ಕೇಳ್ತಿದ್ರು, ನೀವು ಮೇಡಂ ಇದ್ರಿ. ನನಗ ಹೇಳಬ್ಯಾಡ್ರಿ — ಹೊರಗ ಕುಂತಾರಲ್ಲ, ಅವ್ರಿಗೆ ಹೇಳ್ರಿ.”

ಹೊರಗೆ ಬಂದೆ. ನೀವೆಲ್ಲ ಇದ್ದಿರಿ. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದೆ.

ಹೌದು, ನಿನ್ನೆಯೂ ನಡೆದುಬಿಟ್ಟೆ. ಹಳೆಯ ತಪ್ಪಿಗೆ ವಯಸ್ಸು, ಅವಸರ ಎಂದು ಏನಾದರೂ ನೆವ ಹೇಳಬಹುದೇನೋ, ನಿನ್ನೆಯದಕ್ಕೆ ಏನಿದೆ? ಏನೂ ಇಲ್ಲ.

ಪ್ರಾಜೆಕ್ಟಿನವರೇ, ನಿಮಗೊಂದು ಮಾತು. ಇವತ್ತು ಮುಂಜಾನೆ ನಿಮ್ಮಲ್ಲಿ ಇಬ್ಬರಿಗೆ ಹೇಳಿದೆ. ಹೊಸ ಅಪ್‌ಗ್ರೇಡ್ ಬರುವ ಹೊತ್ತಿದು, ಹೆಸರು ಕೆಡುತ್ತದೆ, ಸುಮ್ಮನಿರಿ ಎಂದಿರಿ. ಕೆಡಲಿ! ಯಾರ ಹೆಸರಿನ ಕಾಳಜಿ ನಿಮಗೆ? ಇಷ್ಟು ವರ್ಷ ಒಬ್ಬಳ ಹೆಸರು ಕೆಟ್ಟೇ ಇತ್ತಲ್ಲ, ಆಗ ಯಾರೂ ಅವಸರ ಮಾಡಲಿಲ್ಲ. ಮಣ್ಣಿನ ಪಾಳಿಯ ಮೇಲಿನ ನನ್ನ ಹೆಸರು ತೆಗೆದಿದ್ದೇನೆ, ಆಕೆಯದು ಹಾಕಿದ್ದೇನೆ. ನಿಮ್ಮ ಚೀಟಿಗಳನ್ನು ಇನ್ನು ಮೇಲೆ ಬೇರೆ ಯಾರಾದರೂ ಎಳೆಯಲಿ. ನನ್ನನ್ನು ತಡೆಯಲು ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಮಲ್ಲಣ್ಣನವರೇ, ನಿಮ್ಮ ತಾಯಿಯ ಮಣ್ಣಿನ ದಿನ ಪಾಳಿ ಹಿಡಿಯಲು ನಿಮ್ಮ ಬಾಜೂ ಹೊಲದಾಕೆ ಒದ್ದಾಡಿದಳು, ಹಿಡಿಯಗೊಡದವಳು ನಾನು. ಮಾಫಿ ಬೇಡ ನನಗೆ, ಕೇಳುವುದೂ ಇಲ್ಲ. ಇದನ್ನು ಕಳಿಸಿದ ಕೂಡಲೇ ಬಸ್ಸು ಹತ್ತುತ್ತೇನೆ. ಕಟ್ಟೆಯ ಮೇಲೆ ನಿಂತಿರುತ್ತೇನೆ, ಇದೇ ಮಾತನ್ನು ಎಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಬೈಯುವವರು ಬನ್ನಿ, ಉಗುಳುವವರು ಬನ್ನಿ, ಕತ್ತಲಾಗುವ ತನಕ ಅಲ್ಲೇ ಇರುತ್ತೇನೆ. ಆದರೆ ಅದೆಲ್ಲ ಆಮ್ಯಾಲ್ರಿ. ಮೊದ್ಲಿಗೆ ಫೋನ್ ತಗೀರಿ, ಆಕಿ ಪಾಳಿ ಹಿಡೀರಿ.