ಸೋತವರ ಊಟ

ಸೋತ ತಂಡ ಗೆದ್ದ ತಂಡಕ್ಕೆ ಊಟ ಹಾಕಬೇಕು. ಎಂಬತ್ತರ ದಶಕದ ಕೊನೆಯಲ್ಲಿ ನಾವು ಮಸ್ಕತ್ತಿನಲ್ಲಿದ್ದಾಗ ಶುಕ್ರವಾರದ ಫುಟ್‌ಬಾಲ್ ಪಂದ್ಯಗಳಿಗೆ ಇದ್ದ ಗಟ್ಟಿ ನಿಯಮ ಇದೊಂದೇ. ಆಫ್‌ಸೈಡ್ ಬಗ್ಗೆ ಜಗಳವಾಗುತ್ತಿತ್ತು, ಎಷ್ಟು ಹೊತ್ತು ಆಡಬೇಕೆಂಬ ಬಗ್ಗೆಯೂ ಆಗುತ್ತಿತ್ತು. ಊಟದ ವಿಷಯದಲ್ಲಿ ಮಾತ್ರ ಯಾರೂ ತಕರಾರು ತೆಗೆದದ್ದಿಲ್ಲ. ಈ ನಿಯಮ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಅಡಿಗೆ ಮಾಡುವವರಂತೂ ಅಲ್ಲ.

ನನ್ನ ಗಂಡ ಪಕ್ಕದ ಮತ್ರಾದ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ವಾರವಿಡೀ ಬೋಲ್ಟು, ಬೇರಿಂಗುಗಳನ್ನು ಕಾಯುವುದು, ಶುಕ್ರವಾರ ಗೋಲು ಕಾಯುವುದು. ತಂಡದ ನಾಯಕರೂ ಅವರೇ. ಅವರ ತಂಡದಲ್ಲಿದ್ದವರೆಲ್ಲ ನಮ್ಮ ಮಂಗಳೂರು, ಉಡುಪಿ ಕಡೆಯ ಆಫೀಸು ನೌಕರರು. ಅರ್ಧದಷ್ಟು ಜನರಿಗೆ ಹೊಟ್ಟೆ ಬಂದಿತ್ತು, ಉಳಿದವರಿಗೆ ಬರುವುದರಲ್ಲಿತ್ತು. ಅವರು ಸೋಲುತ್ತಿದ್ದರು. ಒಮ್ಮೊಮ್ಮೆ ಚೆನ್ನಾಗಿ ಆಡಿ ಸೋಲುತ್ತಿದ್ದರು, ಹೆಚ್ಚಾಗಿ ಸುಮ್ಮನೆ ಸೋಲುತ್ತಿದ್ದರು.

ಹಾಗಾಗಿ ಸೋಲಿನಲ್ಲಿ ಅವರಿಗಿಂತ ಹೆಚ್ಚು ಕೈ ಪಳಗಿದ್ದು ನಮಗೆ, ಹೆಂಡತಿಯರಿಗೆ. ಊರಿನಿಂದ ಬರುವವರೆಲ್ಲ ಡಬ್ಬಿಯಲ್ಲಿ ಒಣ ಅಕ್ಕಿ ರೊಟ್ಟಿ, ಬ್ಯಾಡಗಿ ಮೆಣಸು ತರುತ್ತಿದ್ದರು. ತೆಂಗಿನಕಾಯಿ ಅಲ್ಲಿನ ಸಂತೆಯಾದ ಸೂಕಿನಲ್ಲಿ ಸಿಗುತ್ತಿತ್ತು. ಗುರುವಾರ ಮಸಾಲೆ ಅರೆದಿಟ್ಟು ಶುಕ್ರವಾರ ಮಧ್ಯಾಹ್ನ ಕೋಳಿ ಬೇಯಿಸಿದರೆ ಮುಗಿಯಿತು. ಸಂಜೆ ಮೈದಾನದಲ್ಲಿ ಗರಿಗರಿ ರೊಟ್ಟಿಯ ಮೇಲೆ ಸಾರು ಸುರಿದು ಗೆದ್ದವರ ಕೈಗೆ ತಟ್ಟೆ ಕೊಡುವುದಷ್ಟೇ ಬಾಕಿ. ನಮ್ಮ ಕೋರಿ ರೊಟ್ಟಿಗೆ ಎಂಥ ಹೆಸರು ಬಂತೆಂದರೆ, ನಮ್ಮವರ ಜೊತೆ ಪಂದ್ಯ ಬಿದ್ದ ತಂಡದವರು ಮಧ್ಯಾಹ್ನ ಕಡಿಮೆ ತಿಂದು ಬರುತ್ತಾರೆಂಬ ಮಾತಿತ್ತು. ಗಂಡ ಸೋತ ಪಂದ್ಯದ ಕೊನೆಗೆ ಹತ್ತು ಜನ ಬಂದು ಭಾಭಿ, ಇನ್ನೂ ಸ್ವಲ್ಪ ಸಾರು ಎಂದಾಗ ನಾನು ಉಬ್ಬುತ್ತಿದ್ದೆ. ಗಂಡನ ಮುಖ ಹೇಗಿರುತ್ತಿತ್ತು ಎಂದು ತಿರುಗಿ ನೋಡಿದ ನೆನಪಿಲ್ಲ.

ಒಂದು ಚಳಿಗಾಲದಲ್ಲಿ ಈ ತಂಡ ಪಂದ್ಯಾವಳಿಯ ಫೈನಲ್ ತಲುಪಿತು. ಶೌರ್ಯದಿಂದಲ್ಲ. ಒಂದು ಎದುರಾಳಿ ತಂಡದಲ್ಲಿ ಅರ್ಧ ಜನ ರಜೆಗೆ ಊರಿಗೆ ಹೋಗಿದ್ದರು, ಇನ್ನೊಂದು ಪಂದ್ಯ ಸಮವಾಗಿ ನಾಣ್ಯ ಚಿಮ್ಮಿ ತೀರ್ಮಾನವಾಯಿತು. ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂದರಿನ ವರ್ಕ್‌ಶಾಪಿನ ತಂಡ. ಹೆಚ್ಚಿನವರು ಕೇರಳದ ಹುಡುಗರು, ಚೆಂಡು ಅವರ ಕಾಲಿಗೆ ಅಂಟಿಕೊಂಡೇ ಓಡುತ್ತಿತ್ತು. ವರ್ಷ ವರ್ಷವೂ ಗೆಲುವಿನ ಕಪ್ಪು ಅವರದೇ. ಈ ಸಲವೂ ಅವರದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ನನ್ನ ಗಂಡನೊಬ್ಬರನ್ನು ಬಿಟ್ಟು.

ಆ ವಾರ ಅವರು ಚಹಾ ಕುಡಿಯುತ್ತ, ಲೋಟದೊಳಗೆ ನೋಡುತ್ತ ಹೇಳಿದರು: "ಈ ಸಲ ಊಟಕ್ಕೆ ಎಂತ ಸಹ ಮಾಡುದು ಬೇಡ ಮಾರಾಯ್ತಿ. ಎಲ್ಲರೂ ನಮ್ಮನ್ನು ಸೋಲುವವರು ಅಂತಲೇ ಗ್ರಹಿಸ್ತಾರೆ. ಒಂದು ದಿನ ಗೆಲ್ತೇವೆ ಅಂತ ನೀನಾದ್ರೂ ಗ್ರಹಿಸು."

ಅವರು ನನ್ನಲ್ಲಿ ಏನನ್ನೂ ಕೇಳುವವರಲ್ಲ. ಅಂಗಿಯ ಗುಂಡಿ ಬಿದ್ದರೆ ತಾವೇ ಹೊಲಿದುಕೊಳ್ಳುವ ಮನುಷ್ಯ. ಆಯ್ತು ಅಂದೆ. ಅಂದಾಗ ನಿಜವಾಗಿಯೂ ಹಾಗೇ ಮಾಡುವ ಮನಸ್ಸಿತ್ತು.

ಗುರುವಾರ ಬರುವ ಹೊತ್ತಿಗೆ ಹೆದರಿಕೆ ಶುರುವಾಯಿತು. ಸೋತು, ಮೇಲಿಂದ ಗೆದ್ದವರನ್ನು ಹಸಿದ ಹೊಟ್ಟೆಯಲ್ಲಿ ನಿಲ್ಲಿಸಿದರೆ ಏನು ಮರ್ಯಾದೆ ಉಳಿಯುತ್ತದೆ? ಮಂಗಳೂರಿನವರು ಆಟವನ್ನೂ ಬಿಟ್ಟರು, ಊಟವನ್ನೂ ಬಿಟ್ಟರು ಎನ್ನುವುದಿಲ್ಲವೆ? ನಮ್ಮ ಕೆಳಗಿನ ಫ್ಲಾಟಿನಲ್ಲಿ ಮಂಗಳೂರಿನ ಕೊಂಕಣಿ ಮಾತಾಡುವ ಕ್ರೈಸ್ತ ದಂಪತಿಗಳಿದ್ದರು. ಊರಿನ ರೂಢಿಯಂತೆ ಆ ಹೆಂಗಸನ್ನು ನಾನು ಬಾಯಿ ಎಂದೇ ಕರೆಯುತ್ತಿದ್ದೆ. ಬಾಯಿಗೂ ಇದೇ ಚಿಂತೆ. ಅವರ ಅಡಿಗೆಮನೆಯಲ್ಲೇ ಮಾಡುವ, ಗೆದ್ದರೆ ಅವರ ಫ್ರಿಜ್ಜಿನಲ್ಲಿಟ್ಟು ವಾರವಿಡೀ ತಿನ್ನುವ ಎಂದು ನಿಶ್ಚಯಿಸಿದೆವು. ಮಸಾಲೆಯ ಪರಿಮಳ ಮೇಲಿನವರೆಗೂ ಬಂತು. ಬಾಯಿಯ ಮನೆಗೆ ನೆಂಟರು ಬರ್ತಾರಂತೆ ಎಂದು ಗಂಡನಿಗೆ ಹೇಳಿದೆ. ಅವರು ನಂಬಿದರು. ಸಂಶಯಪಟ್ಟಿದ್ದರೆ ಒಳ್ಳೆಯದಿತ್ತು.

ಬಾಯಿಯ ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇರಲಿಲ್ಲ. ನನ್ನದನ್ನೇ ಕೊಟ್ಟೆ. ನಮ್ಮ ಮದುವೆಗೆ ಬಂದ ಸ್ಟೀಲ್ ಪಾತ್ರೆ, ಹೊಟ್ಟೆಯ ಮೇಲೆ ನಮ್ಮಿಬ್ಬರ ಹೆಸರನ್ನು ಒಟ್ಟಿಗೆ ಕೆತ್ತಿದ್ದು.

ಮೈದಾನವೆಂದರೆ ಬೋಳು ಗುಡ್ಡಗಳ ನಡುವಿನ ಜಲ್ಲಿ ನೆಲ, ಅದರ ಮೇಲೆ ಸುಣ್ಣದ ಗೆರೆ. ಹೆಂಗಸರು, ಮಕ್ಕಳು ಒಂದು ಬದಿಗೆ ಚಾಪೆ ಹಾಸಿ ಕೂತಿದ್ದೆವು. ಬಾಯಿಯ ಗಂಡ ಪಾತ್ರೆಗಳನ್ನು ಪಿಕಪ್ಪಿನಲ್ಲಿ ತುಂಬಿ, ಮೇಲೊಂದು ಬೆಡ್‌ಶೀಟ್ ಹೊದಿಸಿ, ಯಾರಿಗೂ ಕಾಣದಂತೆ ದೂರದ ಬಂಡೆಯ ಹಿಂದೆ ನಿಲ್ಲಿಸಿ ಬಂದಿದ್ದರು.

ಆಟ ಶುರುವಾದದ್ದೇ ಚೆಂಡು ನಮ್ಮ ಗೋಲಿನ ಮುಂದೆ ಬೀಡುಬಿಟ್ಟಿತು. ನನ್ನ ಗಂಡ ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೈಯಿಂದ ತಡೆದರು, ಎದೆಯಿಂದ ತಡೆದರು, ಒಮ್ಮೆ ಮುಖದಿಂದಲೂ ತಡೆದರು. ಎರಡು ಸಲ ಚೆಂಡು ಕಂಬಕ್ಕೆ ಬಡಿದು ಹಿಂದೆ ಬಂತು. ಆ ಜಲ್ಲಿಯಲ್ಲಿ ಅವರ ಮೊಣಕೈ ತರಚಿ ರಕ್ತ ಬರುತ್ತಿದ್ದದ್ದು ನಾವು ಕೂತಲ್ಲಿಗೇ ಕಾಣುತ್ತಿತ್ತು. ಅರ್ಧ ಆಟ ಮುಗಿದಾಗ ಗೋಲಿಲ್ಲ. ಅವರು ನನ್ನ ಕಡೆ ನೋಡಿ ಕೈ ಎತ್ತಿದರು. ನಾನೂ ಎತ್ತಿದೆ.

ಎರಡನೇ ಅರ್ಧ ಮುಗಿಯುತ್ತ ಬಂದಾಗ ಬಾಯಿಗೆ ಒಂದು ಸಂಶಯ ಬಂತು, ಸಾರಿಗೆ ಉಪ್ಪು ಹಾಕಿದವರು ನಾನೋ ಅವರೋ, ಅಥವಾ ಇಬ್ಬರೂ ಹಾಕಿದೆವೋ. ನಾನು ಅವರ ಕಡೆ ತಿರುಗಿ ಕೂತೆ. ನಾವು ಉಪ್ಪಿನ ವಿಚಾರಣೆ ನಡೆಸುತ್ತಿದ್ದಾಗ ಮೈದಾನದಲ್ಲಿ ದೊಡ್ಡ ಬೊಬ್ಬೆ ಎದ್ದಿತು. ಗೋಲು. ಬೇರೆ ಯೋಚನೆಯೇ ನನಗೆ ಬರಲಿಲ್ಲ. ತಲೆ ಎತ್ತುವ ಮೊದಲೇ, ಪಕ್ಕದಲ್ಲಿ ತೂಕಡಿಸುತ್ತಿದ್ದ ಬಾಯಿಯ ಗಂಡನಿಗೆ ಹೇಳಿದೆ: "ಖಲಾಸ್. ನೀವು ಗಾಡಿ ತನ್ನಿ."

ಅವರು ಎದ್ದು ಹೋದರು. ಆಮೇಲೆ ನಾನು ಮೈದಾನದ ಕಡೆ ನೋಡಿದೆ. ನಮ್ಮ ತಂಡದ ಡೊಳ್ಳು ಹೊಟ್ಟೆಯ ಅಕೌಂಟೆಂಟ್ ಖುಷಿಯಲ್ಲಿ ನೆಲದಲ್ಲಿ ಉರುಳಾಡುತ್ತಿದ್ದರು, ಅವರ ಮೇಲೆ ಉಳಿದವರೆಲ್ಲ ಬಿದ್ದಿದ್ದರು. ನನ್ನ ಗಂಡ ನಮ್ಮ ಗೋಲಿನ ಮುಂದೆ ಒಬ್ಬರೇ, ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದರು.

ನಡೆದದ್ದನ್ನು ಪಕ್ಕದವರು ಹೇಳಿದರು. ನನ್ನ ಗಂಡ ಗೋಲಿನಿಂದ ಜೋರಾಗಿ ಒದ್ದ ಚೆಂಡು ಗಾಳಿಯ ಜೊತೆ ಹೋಗಿ, ಆ ಬದಿಯಲ್ಲಿ ಒಂದು ಕಲ್ಲಿಗೆ ಬಡಿದು ಪುಟಿದು, ತೀರಾ ಮುಂದೆ ಬಂದು ನಿಂತಿದ್ದ ಎದುರಾಳಿ ಗೋಲ್‌ಕೀಪರನ ತಲೆಯ ಮೇಲಿಂದ ಒಳಗೆ ಹೋಯಿತಂತೆ. ಅವರ ಜನ್ಮದಲ್ಲಿ ಹೊಡೆದದ್ದು ಅದೊಂದೇ ಗೋಲು. ಅದನ್ನು ನಾನು ನೋಡಲಿಲ್ಲ.

ಬಾಯಿ ತಮ್ಮ ಗಂಡನನ್ನು ತಡೆಯಲು ಓಡಿದರು. ನಾನು ಚಾಪೆಯ ಮೇಲೇ ಉಳಿದೆ. ಉಳಿದ ಹೊತ್ತಿನಲ್ಲಿ ನಾನು ಏನನ್ನು ಬಯಸಿದೆ ಎಂದು ಈಗಲೂ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ವರ್ಕ್‌ಶಾಪಿನ ಹುಡುಗರು ಚೆಂಡು ತೆಗೆದುಕೊಂಡು ಗಂಡನ ಮೇಲೆ ನುಗ್ಗಿ ಬಂದಾಗಲೆಲ್ಲ, ದೇವರೇ, ಹೋಗಲಿ ಒಳಗೆ, ಇನ್ನೊಂದೂ ಹೋಗಲಿ, ಇವರು ಸೋಲಲಿ ಎಂದುಕೊಂಡೆ. ಸೋತರೆ ನನ್ನ ಸಾರು ಸರಿಯಾಗುತ್ತಿತ್ತು. ಅವರು ಮಾತ್ರ ಒಂದನ್ನೂ ಬಿಡಲಿಲ್ಲ.

ಸೀಟಿ ಊದಿದರು. ಗುಮಾಸ್ತರು ಚಾಂಪಿಯನ್ನರಾದರು. ನಮ್ಮ ಜನ ಅತ್ತರು, ಕುಣಿದರು, ತುಳುವಿನಲ್ಲೂ ಕೊಂಕಣಿಯಲ್ಲೂ ಬೊಬ್ಬೆ ಹೊಡೆದರು. ಸೋತ ತಂಡದ ನಾಯಕ ತಲೆ ಕೆರೆಯುತ್ತ ಬಂದು ನನ್ನ ಗಂಡನ ಕೈ ಕುಲುಕಿದ. ಅವನಿಗೆ ಸೋಲಿಗಿಂತ ಊಟದ ನಾಚಿಕೆ ಹೆಚ್ಚಾಗಿತ್ತು. ಸೋಲುತ್ತೇವೆ ಎಂದು ಯೋಚಿಸಿಯೇ ಇರಲಿಲ್ಲ, ಏನೂ ತಂದಿಲ್ಲ, ಹೋಟೆಲಿನಿಂದ ಪರೋಟ ತರಿಸುತ್ತೇವೆ ಎಂದ. ನನ್ನ ಗಂಡ ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದರು. ಚಿಂತೆಯಿಲ್ಲ, ನಮ್ಮ ಮನೆಯಲ್ಲೂ ಇವತ್ತು ಏನೂ ಮಾಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, ನಾವು ಗೆಲ್ಲುತ್ತೇವೆಂದು ಅವಳಿಗೆ ಗೊತ್ತಿತ್ತು ಎಂದರು.

ಅಷ್ಟರಲ್ಲಿ ಪಿಕಪ್ ಬಂತು. ಬಾಯಿ ಓಡಿದ್ದು ಬಂಡೆಯ ಒಂದು ಬದಿಯಿಂದ, ಗಾಡಿ ಸುತ್ತಿ ಬಂದದ್ದು ಇನ್ನೊಂದು ಬದಿಯಿಂದ. ಬಾಯಿಯ ಗಂಡನಿಗೆ ಗೋಲು ಯಾರದೆಂದೂ ಗೊತ್ತಿಲ್ಲ, ಗೆದ್ದವರು ಯಾರೆಂದೂ ಗೊತ್ತಿಲ್ಲ. ಪ್ರತಿ ಸಲದ ಅಭ್ಯಾಸದಂತೆ ನೇರ ವರ್ಕ್‌ಶಾಪಿನವರ ಮುಂದೆ ಗಾಡಿ ನಿಲ್ಲಿಸಿ, ಬೆಡ್‌ಶೀಟ್ ಎಳೆದು, ಪಾತ್ರೆ ಇಳಿಸಿ ಮುಚ್ಚಳ ತೆಗೆದರು. ಆ ಹುಡುಗರೂ ಅಭ್ಯಾಸಬಲದಿಂದ ತಟ್ಟೆಗೆ ಕೈ ಚಾಚಿದರು. ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ನನ್ನ ಗಂಡ ಪಾತ್ರೆಯ ಹತ್ತಿರ ಹೋದರು. ಅದರ ಮೇಲಿನ ಹೆಸರುಗಳನ್ನು ನೋಡಿದರು. ನನ್ನನ್ನು ನೋಡಿದರು. ಸಿಟ್ಟಿದ್ದರೆ ಎದುರಿಸುತ್ತಿದ್ದೆ, ನನಗೂ ನಾಲಿಗೆ ಇದೆ. ಸಿಟ್ಟಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ ಅವರೇ ಕೆಂಪಾಗಿದ್ದರು. ರಕ್ತದ ಕೈಯನ್ನು ಜೆರ್ಸಿಗೆ ಒರೆಸಿ, ಸೌಟು ತೆಗೆದುಕೊಂಡು, ಸೋತವರಿಗೆ ಒಬ್ಬೊಬ್ಬರಿಗೇ ತಾವೇ ಬಡಿಸಿದರು. ಗೆದ್ದ ನಾಯಕ ಬಡಿಸುವುದನ್ನು ಎಲ್ಲರೂ ದೊಡ್ಡತನವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವರು ಊಟ ಮಾಡಲಿಲ್ಲ. ಉಪ್ಪು ಸರಿಯಾಗಿಯೇ ಇತ್ತಂತೆ.

ಮನೆಗೆ ಬಂದ ಮೇಲೆ ಗೆದ್ದ ಕಪ್ಪನ್ನು ಫ್ರಿಜ್ಜಿನ ಮೇಲಿಟ್ಟರು. ನಾನು ಎಷ್ಟೋ ಸಲ ಸಮಜಾಯಿಷಿ ಕೊಟ್ಟೆ. ಹೋಗಲಿ ಬಿಡು, ಹಸಿದವರಿಗೆ ಊಟ ಆಯ್ತಲ್ಲ ಎಂದರೇ ಹೊರತು ಬೇರೆ ಮಾತಿಲ್ಲ. ಮೊಣಕೈಗೆ ಮುಲಾಮು ಹಚ್ಚಲು ಹೋದರೆ, ಕೈ ಎಟಕುತ್ತದೆ ಎಂದು ತಾವೇ ಹಚ್ಚಿಕೊಂಡರು.

ಮುಂದಿನ ಚಳಿಗಾಲ ಪಂದ್ಯಗಳು ಮತ್ತೆ ಶುರುವಾದವು. ಮೊದಲ ಪಂದ್ಯದ ಹಿಂದಿನ ದಿನ ಅವರು ಸೂಕಿನಿಂದ ಚೀಲ ತುಂಬ ತೆಂಗಿನಕಾಯಿ ತಂದು ಅಡಿಗೆಮನೆಯಲ್ಲಿಟ್ಟರು. ಎದುರಾಳಿಗಳು ಯಾರೋ ಹೊಸಬರು, ಅಂಥ ದೊಡ್ಡ ತಂಡವೂ ಅಲ್ಲ.

"ಬೇಡ. ನಾಳೆ ನೀವೇ ಗೆಲ್ಲುದು," ಎಂದೆ. ಈ ಸಲ ನಿಜವಾಗಿಯೂ ಹಾಗೆ ಅನ್ನಿಸಿತ್ತು.

"ಇರಲಿ. ಮಾಡಿಡು. ಬೇಕಾಗ್ತದೆ," ಎಂದರು.

ನಾನು ಚೀಲ ಮುಟ್ಟಲಿಲ್ಲ. ಅವರು ತುರಿಮಣೆ ಎಳೆದುಕೊಂಡು ಕೂತು, ಮೊದಲ ಕಾಯಿಯನ್ನು ಒಡೆದು, ತಾವೇ ತುರಿಯತೊಡಗಿದರು.