ಮೇಯರ್ ಸಾಹೇಬರಿಗೊಂದು ಕುರ್ಚಿ

ಮುಂಬಯಿ ಬಳಿಯ ಠಾಣೆಯಿಂದ ಕಲ್ಯಾಣದವರೆಗೆ ಲೋಕಲ್ ರೈಲು ನಿಲ್ಲುವ ಊರುಗಳಲ್ಲಿ ನನ್ನ ಹೋಟೆಲು ಯಾವ ಊರಿನದೆಂದು ಇಲ್ಲಿ ಬರೆಯುವುದಿಲ್ಲ. ಮೇಯರರ ಹೆಸರನ್ನೂ ಬರೆಯುವುದಿಲ್ಲ. ದಾಕ್ಷಿಣ್ಯದಿಂದಲ್ಲ, ಹೆಸರು ಅಚ್ಚಾದರೆ ಅದನ್ನೂ ಅವರು ಸನ್ಮಾನವೆಂದೇ ಭಾವಿಸಿಯಾರು.

ಎರಡು ಸಾವಿರದ ಇಸವಿಯಾಚೆಗಿನ ಮೊದಲ ವರ್ಷಗಳಲ್ಲಿ ಅವರಿನ್ನೂ ಸಮಾಜವಾದಿ ಕಾರ್ಯಕರ್ತರು. ಕಲಬುರ್ಗಿ ಕಡೆಯಿಂದ ಬಂದ ಗಿರಣಿ ಕಾರ್ಮಿಕನೊಬ್ಬನ ಮಗ. ಕಾರ್ಪೊರೇಟರ್ ಆಗಿ ಗೆದ್ದ ಮೇಲೂ ಬಸ್ಸಿನಲ್ಲೇ ಓಡಾಡಿದರು, ಸಫಾಯಿ ಕಾರ್ಮಿಕರ ಮುಷ್ಕರದಲ್ಲಿ ಲಾಠಿಯೇಟು ತಿಂದರು. ಇದನ್ನು ನಾನು ಅಲ್ಲಗಳೆಯುವವನಲ್ಲ. ದಿನವೂ ಬೆಳಿಗ್ಗೆ ನಮ್ಮಲ್ಲಿಗೆ ಬಂದು, ಬಾಗಿಲ ಪಕ್ಕದ ಮೇಜಿನಲ್ಲಿ ಹಮಾಲರ ನಡುವೆ ಜಾಗ ಮಾಡಿಕೊಂಡು ಇಡ್ಲಿ ತಿನ್ನುತ್ತಿದ್ದರು. ಅಪರಿಚಿತರು ಒಂದೇ ಮೇಜಿಗೆ ಕೂರುವುದು ನಮ್ಮ ಉಡುಪಿ ಹೋಟೆಲುಗಳಲ್ಲಿ ಹಿಂದಿನಿಂದ ಬಂದ ರೂಢಿ. ಅದನ್ನು ಅವರು ತಮ್ಮ ಭಾಷಣದ ಸರಕಾಗಿಸಿಕೊಂಡರು. ಸಮಾಜವಾದ ಪುಸ್ತಕದಲ್ಲಿಲ್ಲ, ಅಣ್ಣನ ಮೇಜಿನ ಮೇಲಿದೆ ಎನ್ನುತ್ತಿದ್ದರು; ಹೋಟೆಲಿನವನಾದ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಣ್ಣನೆಂದೇ. ನಾನು ಹಿಗ್ಗುತ್ತಿದ್ದೆ.

ಪಾಲಿಕೆಯಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ ಅವರಿವರ ಬೆಂಬಲ ಪಡೆದು ಅವರು ಮೇಯರ್ ಆದರು. ಕೈಗೆತ್ತಿಕೊಂಡ ಮೊದಲ ಕೆಲಸ ನಮ್ಮ ಹೋಟೆಲಿದ್ದ ನಾಕಾದ, ಅಂದರೆ ಚೌಕದ, ರಸ್ತೆ ಅಗಲೀಕರಣ. ಎರಡೂ ಬದಿಗೆ ಸಮನಾಗಿ ಗುರುತು ಹಾಕಿಸಿದರು. ಒಡೆಯುವ ವೇಳೆಗೆ ಎದುರು ಬದಿಯ ಬಿಲ್ಡರನ ಗೋಡೆಯ ಮೇಲಿನ ಗುರುತು ಮಾಯವಾಗಿತ್ತು. ರಸ್ತೆಗೆ ಬೇಕಾದ ಅಗಲವನ್ನೆಲ್ಲ ನಮ್ಮ ಬದಿಯಿಂದಲೇ ಕೀಳುವುದೆಂದು ತೀರ್ಮಾನವಾಗಿತ್ತು.

ನಾನು ಅವರ ಚೇಂಬರಿಗೆ ಹೋದೆ. ಆ ಬಿಲ್ಡರ್ ಅಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಅವನ ಪಕ್ಕದ ಕುರ್ಚಿ ಖಾಲಿಯಿತ್ತು. ಕೂರಿ ಎಂಬ ಮಾತು ಮೇಯರರ ಬಾಯಿಂದ ಬರಲಿಲ್ಲ.

"ಕಾನೂನು ಎಲ್ಲಾರಿಗೂ ಒಂದ ಐತ್ರಿ ಅಣ್ಣಾರ," ಎಂದರು, ಫೈಲಿನಿಂದ ಕಣ್ಣೆತ್ತದೆ.

ನಿಂತೇ ಕೇಳಿ ಹಿಂತಿರುಗಿದೆ. ಮುಂದಿನ ಹಾಲ್ ಪೂರ್ತಿ ಹೋಯಿತು. ಉಳಿದದ್ದು ಅಡುಗೆಮನೆ ಮತ್ತು ಅದರೆದುರಿನ ಕಿರಿದಾದ ಓಣಿಯಷ್ಟು ಜಾಗ. ಅಲ್ಲಿ ಎದೆಯೆತ್ತರದ ಕಲ್ಲಿನ ಕಟ್ಟೆಗಳನ್ನು ಕಟ್ಟಿಸಿದೆ. ಗಿರಾಕಿಗಳು ನಿಂತೇ ತಿನ್ನಬೇಕಾಯಿತು. ಗಲ್ಲಾದಲ್ಲಿ ನಾನು ಕೂರುವ ಕುರ್ಚಿಯೊಂದನ್ನು ಬಿಟ್ಟರೆ ಬೇರೆ ಕುರ್ಚಿಯಿರಲಿಲ್ಲ.

ಅವಧಿ ಮುಗಿದ ಮೇಲೆ ಅವರಿಗೆ ಸ್ವಂತ ಪಕ್ಷವೇ ಟಿಕೆಟ್ ಕೊಡಲಿಲ್ಲ. ಹತ್ತು ವರ್ಷಗಳ ಬಳಿಕ ಒಂದು ಬೆಳಿಗ್ಗೆ, ಮೊಣಕಾಲು ನೋವಿನಿಂದ ಕೋಲೂರಿಕೊಂಡು ನಮ್ಮಲ್ಲಿಗೆ ಬಂದು ಕೂರಲು ಜಾಗ ಕೇಳಿದರು. ನಾನು ಹೊರಗಿನ ರಸ್ತೆಗೆ ಕೈ ತೋರಿಸಿದೆ.

"ನೀವು ಕೂರ್ತಿದ್ದ ಜಾಗ ಅಗೋ, ಆ ರಿಕ್ಷಾ ನಿಂತಿದೆಯಲ್ಲ, ಅಲ್ಲಿ."

ಅವರು ನೋಡಿದರು, ಇಡ್ಲಿ ತರಿಸಿಕೊಂಡು ನಿಂತೇ ತಿಂದರು. ನನಗೆ ಅಂದು ಊಟ ರುಚಿಸಿತು.

ಆದರೆ ಅವರು ರಾಜಕಾರಣಿ. ಮತ್ತೆ ಮತ್ತೆ ಬಂದರು, ಕಟ್ಟೆಗೆ ಮೊಣಕೈಯೂರಿ ಹಮಾಲರೊಂದಿಗೆ ಮಾತಿಗಿಳಿದರು. ತಾವು ಕುರ್ಚಿಗೆ ಅಂಟಿಕೊಂಡವರಲ್ಲ, ಇಂದಿಗೂ ದುಡಿಯುವವರ ಜೊತೆ ನಿಂತೇ ಉಣ್ಣುವವರು ಎಂದು ಹೇಳಿಕೊಂಡರು. ಒಬ್ಬ ಹಮಾಲ ಅವರ ಕಾಲು ಮುಟ್ಟಿ ನಮಸ್ಕರಿಸಿದ. ನಾನು ಕೊಟ್ಟ ಶಿಕ್ಷೆಯನ್ನು ಅವರು ನನ್ನ ಹೋಟೆಲಿನಲ್ಲೇ ಪದಕದಂತೆ ಧರಿಸಿಕೊಂಡಿದ್ದರು.

ನಾನು ಕಲ್ಯಾಣಕ್ಕೆ ಹೋಗಿ ಒಂದು ಕುರ್ಚಿ ತಂದೆ. ಎತ್ತರದ ಬೆನ್ನು, ಅಗಲವಾದ ಕೈಗಳು, ಕೆಂಪು ಮೆತ್ತೆ, ಅವರ ಚೇಂಬರಿನಲ್ಲಿದ್ದಂಥದೇ. ಅದನ್ನು ಕಟ್ಟೆಗಳ ನಡುವೆ ಇರಿಸಿದೆ. ಅವರು ಬಂದಾಗ ಗಲ್ಲಾದಿಂದ ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಬನ್ನಿ ಮೇಯರ್ ಸಾಹೇಬ್ರೆ. ನಿಮಗೆಂತಲೇ ತರಿಸಿದ್ದು. ಇದರಲ್ಲಿ ಬೇರೆ ಯಾರನ್ನೂ ಕೂರ್ಲಿಕ್ಕೆ ಬಿಡುವುದಿಲ್ಲ."

ಹಮಾಲರು ತಟ್ಟೆ ಹಿಡಿದುಕೊಂಡೇ ಸರಿದು ದಾರಿ ಬಿಟ್ಟರು. ಅವರು ಕುರ್ಚಿಯನ್ನು ನೋಡಿದರು, ಹಮಾಲರನ್ನು ನೋಡಿದರು.

"ಬ್ಯಾಡ್ರಿ ಅಣ್ಣಾರ," ಎಂದರು ಮೆಲ್ಲಗೆ.

"ಕಾಲು ನೋವಲ್ಲವಾ ಮಾರಾಯ್ರೆ. ಕೂತ್ಕೊಳ್ಳಿ."

ಕೊನೆಗೆ ಮೊಣಕಾಲೇ ಗೆದ್ದಿತು, ಅವರು ಕುಳಿತರು. ಕುಳಿತವರಿಗೆ ಕಟ್ಟೆ ಎಟುಕುವುದಿಲ್ಲವೆಂಬುದನ್ನು ನಾನು ಮೊದಲೇ ಅಳೆದು ನೋಡಿದ್ದೆ. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಹಮಾಲರು ಅವರಿಗೆ ಬೆನ್ನು ಮಾಡಿ ತಮ್ಮ ತಮ್ಮ ಮಾತಿಗೆ ಮರಳಿದರು.

ನಾನು ಗಲ್ಲಾಕ್ಕೆ ಹಿಂತಿರುಗಲಿಲ್ಲ. ಅವರು ಇಡ್ಲಿ ಮುಗಿಸುವವರೆಗೂ, ಚೇಂಬರಿನಲ್ಲಿ ಅಂದು ನಿಂತಿದ್ದ ಹಾಗೆಯೇ, ಅವರ ಎದುರಿಗೆ ನಿಂತಿದ್ದೆ.